ಪರಂಗಿ ಅರಮನೆಯ ಚಾಡಿಮಾತು, ನಮ್ಮತ್ತೆಯ ಸಾಕ್ಷಿ

ಅರಮನೆಯಲ್ಲಿ ಊಳಿಗಕ್ಕಿದ್ದು, ಅಲ್ಲಿ ಕಂಡದ್ದನ್ನೂ ಕಾಣದ್ದನ್ನೂ ಆಮೇಲೆ ಬರೆದಿಟ್ಟವರ ಪುಸ್ತಕಗಳನ್ನು ಪೂರ್ತಿ ನಂಬಬಾರದು ಎಂದು ಚರಿತ್ರೆ ಓದಿದವರು ಹೇಳುತ್ತಾರೆ. ಮಧುಗಿರಿಯ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದ ನನ್ನ ಯಜಮಾನರೂ ಹಾಗೆಯೇ ಹೇಳುತ್ತಿದ್ದರು. ಹೇಳುತ್ತಲೇ ಊಟದ ತಟ್ಟೆಯ ಪಕ್ಕದಲ್ಲೂ ಅವನ್ನೇ ತೆರೆದಿಟ್ಟುಕೊಂಡು, ಎಡಗೈಯಲ್ಲಿ ಹಾಳೆ ತಿರುವುತ್ತ, ಸಾರು ಯಾವುದು ಮಜ್ಜಿಗೆ ಯಾವುದು ಎಂದು ತಿಳಿಯದೆ ಉಣ್ಣುತ್ತಿದ್ದರು. ನಂಬದ ಮೇಲೆ ಓದುವುದೇಕೆ ಎಂದು ನಾನು ರೇಗಿದರೆ, "ಸುಳ್ಳು ಹೇಳೋರಷ್ಟು ಚೆನ್ನಾಗಿ ಕಥೆ ಹೇಳೋರು ಬೇರೆ ಯಾರಿದಾರೆ?" ಎಂದು ನಗುತ್ತಿದ್ದರು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಈ ವಯಸ್ಸಿನಲ್ಲೂ ಕೆಳಗಿಳಿದಿಲ್ಲ. ಅದರಲ್ಲೂ ಚಾಡಿಮಾತಿನ ವಿಷಯ ಬಂದರೆ ನನ್ನನ್ನು ಮಾತನಾಡಿಸದಿರುವುದೇ ಒಳ್ಳೆಯದು. ಯಾಕೆಂದು ಹೇಳುತ್ತೇನೆ.

ಆ ಪುಸ್ತಕಗಳು ನಮ್ಮ ಮನೆ ಸೇರಿದ್ದು ಊರಿನ ಅಮಲ್ದಾರರಿಂದ. ಅವರಿಗೆ ವರ್ಗವಾದಾಗ ಗಾಡಿಗೆ ಹೇರಲಾರದೆ ಒಂದು ತಗಡಿನ ಪೆಟ್ಟಿಗೆಯನ್ನು ನಮ್ಮ ಮನೆಗೆ ಕಳಿಸಿದರು. ಒಳಗಿದ್ದದ್ದೆಲ್ಲ ಹದಿನೆಂಟನೆಯ ಶತಮಾನದ ಫ್ರಾನ್ಸಿನ ಅರಮನೆಯ ಸಮಾಚಾರ, ಇಂಗ್ಲಿಷಿನಲ್ಲಿ. ಒಂದು ಪುಸ್ತಕ ದೊರೆಯ ಓಲಗದಲ್ಲಿದ್ದ ದೊಡ್ಡ ಮನೆತನದವನೊಬ್ಬನದು. ಯಾರು ಯಾರ ಮುಂದೆ ಕೂರಬಹುದು, ಯಾರು ನಿಂತೇ ಇರಬೇಕು ಎಂಬುದರಲ್ಲೇ ಅವನ ಆಯುಷ್ಯ ಮುಗಿದಿತ್ತು. ಇನ್ನೊಂದು ಸಿಪಾಯಿಗಳ ಸರದಾರನದು. ಅವನಿಗೆ ರಾಣಿಯ ಮೇಲೆ ಸಿಟ್ಟು. ಮತ್ತೊಂದು ಅರಮನೆಯ ಹೆಣ್ಣುಮಕ್ಕಳಿಗೆ ಪುಸ್ತಕ ಓದಿ ಹೇಳುವ ಕೆಲಸಕ್ಕೆ ಸೇರಿ, ಆಮೇಲೆ ರಾಣಿಯ ಕೋಣೆಯಲ್ಲೇ ಊಳಿಗಕ್ಕಿದ್ದ ಒಬ್ಬ ಹೆಂಗಸಿನದು.

ನನಗೆ ಇಂಗ್ಲಿಷ್ ಬರುತ್ತಿತ್ತು. ನನ್ನ ತವರು ಮದಲೂರು. ತಂದೆ ಶಿರಾದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು, ಗಂಡುಮಕ್ಕಳಿಲ್ಲದ ಹಟಕ್ಕೆ ನನಗೇ ಎಲ್ಲವನ್ನೂ ಕಲಿಸಿಬಿಟ್ಟಿದ್ದರು. ಮದುವೆಯಾಗಿ ಮಧುಗಿರಿಗೆ ಬಂದಾಗ ನನ್ನ ಅತ್ತೆ ಕೇಳಿದ ಮೊದಲನೆಯ ಪ್ರಶ್ನೆ, "ಇಂಗ್ಲೀಸು ಬಂದ್ರೆ ಬರ್ಲಿ, ಮುದ್ದೆ ತಿರುವಕ್ಕೆ ಬತ್ತದಾ?" ಬರುತ್ತಿರಲಿಲ್ಲ. ಅವರೇ ಕಲಿಸಿದರು. ಒಂದು ದಿನವೂ ಬೈಯಲಿಲ್ಲ. ಗಂಟುಗಂಟಾದ ಮುದ್ದೆಯನ್ನು ತಮ್ಮ ತಟ್ಟೆಗೆ ಹಾಕಿಕೊಂಡು ಉಳಿದವರಿಗೆ ಒಳ್ಳೆಯದನ್ನು ಬಡಿಸುತ್ತಿದ್ದರು.

ಅತ್ತೆಗೆ ಓದು ಬರುತ್ತಿರಲಿಲ್ಲ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಬೆಳಿಗ್ಗೆ ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸಿ ಜಗಲಿಗೆ ಬಂದು ಕೂತರೆ ನಮ್ಮ ಬೀದಿಯ ಹೆಂಗಸರ ನ್ಯಾಯಸ್ಥಾನ ತೆರೆದ ಹಾಗೆ. ಯಾರ ಕೋಳಿ ಯಾರ ಹಿತ್ತಲಲ್ಲಿ ಮೊಟ್ಟೆಯಿಟ್ಟಿತು, ಯಾವ ಸೊಸೆ ಯಾವ ಅತ್ತೆಗೆ ಏನಂದಳು, ಎಲ್ಲ ಅಲ್ಲಿಗೇ ಬರುತ್ತಿತ್ತು. ಅವರು ಹೇಳಿದರೆ ಮುಗಿಯಿತು. "ಮೇಷ್ಟ್ರವ್ವ ಅಂದ್ರಂತೆ" ಎಂದರೆ ಅದರ ಮೇಲೆ ಅಪೀಲಿಲ್ಲ. ಅವರು ಸುಳ್ಳಾಡಿದ್ದನ್ನು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ.

ಬೇಸಗೆ ಶುರುವಾಗುವಾಗ ನಮ್ಮ ಕಡೆ ಹುಣಸೆಹಣ್ಣಿನ ಕೆಲಸ. ಮನೆಮನೆಯ ಪಡಸಾಲೆಯಲ್ಲೂ ರಾಶಿ ಬೀಳುತ್ತದೆ. ಹೆಂಗಸರು ಸುತ್ತ ಕೂತು, ಸಣ್ಣ ಸುತ್ತಿಗೆಯಿಂದ ಕುಟ್ಟಿ ಬೀಜ ತೆಗೆದು, ನಾರು ಬಿಡಿಸುತ್ತಾರೆ. ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ. ಕೈಗೆ ಅಂಟು, ಬಾಯಿಗೆ ಬಿಡುವು. ಹಾಗಾಗಿ ಆ ತಿಂಗಳುಗಳಲ್ಲಿ ಊರಿನ ಯಾರ ಗುಟ್ಟೂ ಉಳಿಯುತ್ತಿರಲಿಲ್ಲ. ನಮ್ಮ ಮನೆಯ ಸರದಿ ಬಂದ ಒಂದು ದಿನ ಎದುರುಮನೆಯಾಕೆ ಪಕ್ಕದ ಬೀದಿಯ ಯಾರದೋ ಸೊಸೆಯ ವಿಷಯ ಎತ್ತಿದಾಗ ಅತ್ತೆ ನನ್ನ ಕಡೆ ತಿರುಗಿದರು. "ನೀನು ಆ ಪುಸ್ತಕ ತತ್ತಾ ಮಗ. ಪರಂಗೀರ ಮನೆ ಸುದ್ದಿ ಹೇಳು. ಸತ್ತೋರ ಸುದ್ದಿ ಆಡಿದ್ರೆ ಯಾರ ಮನೇನೂ ಮುರಿಯಲ್ಲ."

ಹೀಗೆ ನಾನು ಹುಣಸೆರಾಶಿಯ ಪಕ್ಕ ಕೈ ಅಂಟಾಗದ ಜಾಗದಲ್ಲಿ ಕೂತು ಓದಲು ಶುರುಮಾಡಿದೆ. ಇಂಗ್ಲಿಷಿನಲ್ಲಿ ಕಣ್ಣು, ಕನ್ನಡದಲ್ಲಿ ಬಾಯಿ. ಆ ಹೆಂಗಸರು ಕೇಳಿದ ಹಾಗೆ ಯಾವ ಪಂಡಿತರೂ ಆ ಪುಸ್ತಕಗಳನ್ನು ಕೇಳಿರಲಾರರು. ರಾಣಿಯ ಮುಂದೆ ಬೆನ್ನಾಸರೆಯಿಲ್ಲದ ಸಣ್ಣ ಪೀಠದ ಮೇಲೆ ಕೂರುವ ಹಕ್ಕಿಗಾಗಿ ದೊಡ್ಡ ಮನೆತನದ ಹೆಂಗಸರು ವರ್ಷಗಟ್ಟಲೆ ಜಗಳವಾಡಿದರೆಂದು ಓದಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. "ಮದ್ವೇಲಿ ಮಣೆ ಹಾಕ್ಲಿಲ್ಲ ಅಂತ ನಮ್ಮತ್ತಿಗೆ ಇನ್ನೂ ಮಾತಾಡ್ಸಲ್ಲ, ಅವ್ರೇನು ಬುಟ್ಟಾರಾ?" ಎಂದಳು ಎದುರುಮನೆಯಾಕೆ. ಚಳಿಗಾಲದ ಬೆಳಿಗ್ಗೆ ರಾಣಿ ಒಳಂಗಿಗಾಗಿ ಬರಿಮೈಯಲ್ಲಿ ಕಾಯುತ್ತಿದ್ದದ್ದು, ಅದನ್ನು ಕೊಡುವ ಹಕ್ಕು ದೊಡ್ಡವಳದೆಂದು ಒಬ್ಬಳ ಕೈಯಿಂದ ಒಬ್ಬಳ ಕೈಗೆ ದಾಟುತ್ತಿದ್ದದ್ದು, ಅಷ್ಟರಲ್ಲಿ ಇನ್ನೂ ದೊಡ್ಡವಳು ಬಾಗಿಲು ತಟ್ಟುತ್ತಿದ್ದದ್ದು, ಇದನ್ನು ಓದಿದಾಗ ಮಾತ್ರ ಅತ್ತೆ ಸುತ್ತಿಗೆ ಕೆಳಗಿಟ್ಟರು. "ಅಷ್ಟು ಜನ ಸೇರ್ಕಂಡು ಒಂದು ಹುಡ್ಗಿಗೆ ಬಟ್ಟೆ ಕೊಡಕ್ಕಾಗ್ಲಿಲ್ವಾ? ಅವ್ಳಿಗೆ ತಾಯಿ ಇರ್ಲಿಲ್ಲೇನೆ ಅಲ್ಲಿ?"

ತಾಯಿ ಬೇರೆ ದೇಶದಲ್ಲಿದ್ದಳು. ಹುಡುಗಿ ಹದಿನಾಲ್ಕರಲ್ಲಿ ಮದುವೆಯಾಗಿ ಬಂದವಳು. ಅಂದಿನಿಂದ ಅತ್ತೆಗೆ ಅವಳು "ನಮ್ಮ ಪರಂಗಿ ಹುಡ್ಗಿ" ಆಗಿಬಿಟ್ಟಳು.

ಸಂಜೆ ಶಾಲೆಯಿಂದ ಬಂದ ಯಜಮಾನರು ಕಾಲು ತೊಳೆದು ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಅವರಿಗೆ ಸುಮ್ಮನಿರಲಾಗುತ್ತಿರಲಿಲ್ಲ. "ಅವ್ವಾ, ಬರ್ದಿರೋದನ್ನೆಲ್ಲ ನಂಬಬ್ಯಾಡ. ಹೇಳ್ದೋನು ಎಲ್ಲಿ ನಿಂತಿದ್ದ, ಕಣ್ಣಲ್ಲಿ ಕಂಡ್ನಾ, ಕಿವೀಲಿ ಕೇಳಿದ್ನಾ, ಹೇಳೋದ್ರಿಂದ ಅವನಿಗೇನು ಸಿಕ್ತು, ಅದನ್ನ ಮೊದಲು ಕೇಳ್ಬೇಕು" ಎನ್ನುತ್ತಿದ್ದರು. ಸರದಾರನಿಗೆ ರಾಣಿಯ ಮೇಲೆ ಹಗೆಯಿತ್ತು, ಅವನ ಮಾತಿಗೆ ಅರ್ಧ ಬೆಲೆ. ಕೋಣೆಯ ಹೆಂಗಸಿಗೆ ರಾಣಿಯ ಮೇಲೆ ಪ್ರೀತಿಯಿತ್ತು, ಅವಳ ಮಾತಿಗೂ ಅರ್ಧವೇ ಬೆಲೆ. ತಾನಿಲ್ಲದ ಕಡೆಯಲ್ಲೂ ತಾನಿದ್ದೆ ಎಂದು ಅವಳು ಬರೆದಿದ್ದಾಳೆಂದು ಬಲ್ಲವರು ಹೇಳುತ್ತಾರಂತೆ. ಅತ್ತೆ ಇದನ್ನು ಒಪ್ಪಲಿಲ್ಲ. "ಪಿರೂತಿಗೆ ಹೇಳಿರ್ತಾಳೆ ಬುಡ್ಲಾ. ಅದ್ಕೂ ಬೆಲೆ ಕಟ್ತೀಯಲ್ಲ ನೀನು."

ಓದು ಮುಂದುವರಿದು ಒಂದು ಮಧ್ಯಾಹ್ನ ನಾನು ಓದಬಾರದ ಜಾಗಕ್ಕೆ ಬಂದೆ. ಆ ರಾಣಿಗೆ ಮದುವೆಯಾಗಿ ಏಳೆಂಟು ವರ್ಷ ಮಕ್ಕಳಾಗಲಿಲ್ಲ. ಅರಮನೆಯಲ್ಲಿ ಅದೊಂದೇ ಮಾತು. ಬಟ್ಟೆ ಒಗೆಯುವವರಿಂದ ಹಿಡಿದು ಪರದೇಶದ ರಾಯಭಾರಿಯವರೆಗೆ ಎಲ್ಲರೂ ಅವಳ ಹಾಸಿಗೆಯ ಸುದ್ದಿ ಬರೆದವರೇ. ನಾನು ಓದುವುದನ್ನು ನಿಲ್ಲಿಸಿದೆ. ಸುತ್ತಿಗೆಗಳೂ ನಿಂತವು. ಯಾಕೆಂದರೆ ನನಗೂ ಮದುವೆಯಾಗಿ ಸರಿಸುಮಾರು ಅಷ್ಟೇ ವರ್ಷಗಳಾಗಿದ್ದವು, ನನ್ನ ಮಡಿಲೂ ಬರಿದಾಗಿತ್ತು. ಬೇರೆ ಮನೆಗಳ ಹುಣಸೆರಾಶಿಯ ಸುತ್ತ ನನ್ನದೇ ಸುದ್ದಿ ನಡೆಯುತ್ತಿದೆಯೆಂದು ನನಗೆ ಗೊತ್ತಿತ್ತು. ಪುಸ್ತಕ ಓದುವ ಹೆಂಗಸಿನ ಮೈ ಕಾದು ಗರ್ಭ ನಿಲ್ಲುವುದಿಲ್ಲ ಎಂದು ಒಬ್ಬಳು ಅಂದದ್ದು ನನ್ನ ಕಿವಿಗೇ ಬಿದ್ದಿತ್ತು. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ?

ಎಲ್ಲರೂ ಎದ್ದು ಹೋದ ಮೇಲೆ ಅತ್ತೆ ಕೈ ತೊಳೆದು ಬಂದು ನನ್ನ ಪಕ್ಕದಲ್ಲಿ ಕೂತರು.

"ಅಲ್ಲಿ ಯಾರೂ ರಾಜಂದೇ ದೋಸ ಅನ್ಲಿಲ್ವಾ?"

"ಅಂದ್ರು ಅತ್ತೆಮ್ಮ. ಅವನಲ್ಲೇ ಏನೋ ಕೊರತೆ ಅಂತ ಪಿಸುಗುಟ್ಟಿದ್ರಂತೆ. ಆದ್ರೆ ಊರೆಲ್ಲ ಆಡ್ಕೊಂಡಿದ್ದು ಅವಳನ್ನೇ."

"ಆಮೇಲೆ ಮಗ ಆಯ್ತಾ?"

"ಮೊದಲು ಮಗಳು, ಆಮೇಲೆ ಗಂಡು. ಆದ್ರೂ ಚಾಡಿ ನಿಲ್ಲಲಿಲ್ಲ. ಅವಳ ಮುಖ ನೋಡದೋರೆಲ್ಲ ಅದನ್ನ ನಂಬಿದ್ರು. ಕೊನೆಗೆ ಜನ ತಿರುಗಿಬಿದ್ದಾಗ ಅವಳ ತಲೆ ಕಡಿದ್ರು."

ಇದನ್ನು ಹೇಳಬಾರದಿತ್ತೋ ಏನೋ. ರಾಜ್ಯ ದಿವಾಳಿಯಾದದ್ದು, ರೊಟ್ಟಿಗೆ ಹಾಹಾಕಾರವಾದದ್ದು, ಯಜಮಾನರು ಹೇಳುತ್ತಿದ್ದ ಕಾರಣಗಳೊಂದನ್ನೂ ನಾನು ಹೇಳಲಿಲ್ಲ. ಅತ್ತೆ ಅಂದು ಸಂಜೆ ಊಟ ಮಾಡಲಿಲ್ಲ. ಸತ್ತು ನೂರೈವತ್ತು ವರ್ಷವಾದ ಪರಂಗಿಯವಳಿಗಾಗಿ ಮಧುಗಿರಿಯಲ್ಲಿ ಒಬ್ಬ ಮುದುಕಿ ಉಪವಾಸ ಮಲಗಿದಳು ಎಂದರೆ ಯಾವ ಚರಿತ್ರೆಕಾರರೂ ನಂಬಲಿಕ್ಕಿಲ್ಲ.

ಅದೇ ತಿಂಗಳು ಕೊರಟಗೆರೆಯಿಂದ ಯಜಮಾನರ ಸೋದರತ್ತೆ ಬಂದರು. ನಮ್ಮ ಮಾವನವರ ಅಕ್ಕ. ಮಾತು ಹುಳಿ. ಹುಣಸೆಮರಕ್ಕೆ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲವಷ್ಟೆ. ಪಾವಗಡದ ಕಡೆ ಒಂದು ಹೆಣ್ಣು ನೋಡಿದ್ದೇನೆ, ಮನೆತನ ಒಳ್ಳೆಯದು, ಇವಳನ್ನು ಬಿಡಬೇಕಾಗಿಲ್ಲ, ಇವಳೂ ಇರಲಿ ಅವಳೂ ಬರಲಿ ಎಂದು ಹುಣಸೆಹಣ್ಣು ಬಿಡಿಸುತ್ತಿದ್ದ ಎಲ್ಲರ ಮುಂದೆಯೇ ಶುರುಮಾಡಿದರು. ಆಗ ಎರಡನೆಯ ಮದುವೆ ದೊಡ್ಡ ಮಾತಾಗಿರಲಿಲ್ಲ. ಯಜಮಾನರು ಒಪ್ಪಲಾರರೆಂದು ನನಗೆ ಗೊತ್ತಿತ್ತು. ಆದರೆ ವರ್ಷಗಟ್ಟಲೆ ಪ್ರತಿ ಹಬ್ಬದಲ್ಲೂ ಪ್ರತಿ ಮದುವೆಯಲ್ಲೂ ಇದೇ ಮಾತು ಬಂದರೆ ಎಷ್ಟು ದಿನ ತಡೆದಾರು? ನಾನು ಪುಸ್ತಕ ಮುಚ್ಚಿಟ್ಟೆ. ಬಾಯಿ ತೆರೆದರೆ ಬೈಗುಳ ಬರುತ್ತಿತ್ತು, ಅದಕ್ಕೇ ಹಲ್ಲು ಕಚ್ಚಿಕೊಂಡಿದ್ದೆ.

ಅತ್ತೆ ತಲೆಯೆತ್ತದೆ ಬೀಜ ತೆಗೆಯುತ್ತಲೇ ಹೇಳಿದರು. "ಇನ್ನೊಂದು ಹೆಣ್ಣಿನ ಬಾಳು ಯಾಕೆ ಹಾಳು ಮಾಡ್ತೀ ಅತ್ಗೆಮ್ಮ? ಕೊರತೆ ಇರಾದು ನನ್ನ ಮಗನಲ್ಲಿ."

ಅವರು ಇನ್ನೊಂದು ಬೀಜ ತೆಗೆದು ಬುಟ್ಟಿಗೆ ಹಾಕಿದರು.

"ಹದಿನಾರು ವರ್ಸದೋನಿದ್ದಾಗ ಅವ್ನಿಗೆ ಮಂಗನಬಾವು ಬಂದಿತ್ತು. ಕೆನ್ನೆ ಊದ್ಕಂಡಿದ್ದು ಕೆಳಕ್ಕೆ ಇಳೀತು. ಮಕ್ಕಳಾಗಲ್ಲ ಅಂತ ಡಾಕ್ಟ್ರು ಅವತ್ತೇ ಅಂದ್ರು. ನಾನೇ ಮುಚ್ಚಿಟ್ಟು ಮದ್ವೆ ಮಾಡ್ದೆ. ತಪ್ಪು ನಂದು, ಈ ಹುಡ್ಗೀದಲ್ಲ."

ಅಷ್ಟರಲ್ಲಿ ಯಜಮಾನರು ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಸೋದರತ್ತೆ ಅವರ ಕಡೆ ತಿರುಗಿ, "ದಿಟವೇನ್ಲಾ ಇದು?" ಎಂದರು. ಅವರು ತಾಯಿಯ ಮುಖವನ್ನೊಮ್ಮೆ ನೋಡಿದರು, ನನ್ನ ಮುಖವನ್ನೊಮ್ಮೆ ನೋಡಿದರು. "ದಿಟ ಕಣತ್ತೆ" ಎಂದು ಹೇಳಿ ಕಾಲು ತೊಳೆಯಲು ಹಿತ್ತಲಿಗೆ ಹೋದರು.

ಅವರಿಗೆ ಮಂಗನಬಾವು ಬಂದೇ ಇರಲಿಲ್ಲ. ಹಿತ್ತಲಲ್ಲಿ ನಾನು ನೀರು ಹಾಕುವಾಗ ಅವರೇ ಹೇಳಿದರು. "ಒಬ್ಬರ ಸಾಕ್ಷಿ ಸಾಲದು, ಎರಡು ಬೇಕು ಅಂತ ಕ್ಲಾಸಲ್ಲಿ ದಿನಾ ಒದರ್ತೀನಿ. ಅವ್ವಂಗೆ ಎರಡನೇ ಸಾಕ್ಷಿ ಬೇಕಿತ್ತು, ನಾನಾದೆ. ಇನ್ನು ಇದು ಚರಿತ್ರೆ." ನಗಲು ಹೋಗಿ ನಾನು ಅವರ ಕಾಲಿನ ಮೇಲೆ ಚೊಂಬನ್ನೇ ಕೆಡವಿದೆ. ಮಕ್ಕಳಾಗದವನು ಎನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಗಂಡಸಿಗೆ ಊರಲ್ಲಿ ಇರಲಿಲ್ಲ. ಶಾಲೆಯ ಗೋಡೆಯ ಮೇಲೆ ಹುಡುಗರು ಸೀಮೆಸುಣ್ಣದಲ್ಲಿ ಏನೇನೋ ಬರೆದರು. ಅದನ್ನು ಅವರೇ ಒರೆಸಿ ಪಾಠಕ್ಕೆ ಹೋಗುತ್ತಿದ್ದರಂತೆ, ಮನೆಯಲ್ಲಿ ಒಂದು ದಿನವೂ ಹೇಳಲಿಲ್ಲ. ಪಾವಗಡದ ಹೆಣ್ಣಿನ ಮಾತು ಮತ್ತೆ ಬರಲಿಲ್ಲ. ಬೀದಿಯ ಹೆಂಗಸರು ನನ್ನನ್ನು ಮರುಕದಿಂದ ನೋಡತೊಡಗಿದರು. ಆ ಮರುಕ ನನಗೆ ಚಾಡಿಗಿಂತ ಕಹಿಯಾಗಿತ್ತು, ಆದರೆ ನುಂಗಿದೆ.

ಎರಡು ಬೇಸಗೆ ಕಳೆದವು. ಮೂರನೆಯ ಸಲ ಹುಣಸೆಹಣ್ಣು ಬರುವ ಹೊತ್ತಿಗೆ ನಾನು ಗರ್ಭಿಣಿಯಾದೆ.

ಇದು ನಮ್ಮ ಮೂವರ ತಲೆಗೂ ಹೊಳೆದಿರಲಿಲ್ಲ ನೋಡಿ! ಮಕ್ಕಳಾಗುವುದೇ ಇಲ್ಲವೆಂದು ಊರಿಗೆ ಹೇಳುವಾಗ ನಾವೂ ಅದನ್ನು ಎಲ್ಲೋ ನಂಬಿಬಿಟ್ಟಿದ್ದೆವು. ಎಷ್ಟು ವರ್ಷ ಕಾದ ಸುಖ ಅದು! ಅದು ಬಂದ ದಿನ ನಾನು ಒಲೆ ಹಚ್ಚುವುದನ್ನೂ ಮರೆತು ಹೆದರಿ ಕೂತೆ. ಗಂಡನಿಂದ ಮಗು ಸಾಧ್ಯವಿಲ್ಲವೆಂದು ಅತ್ತೆಯೇ ಸಾರಿದ್ದಾರೆ, ಗಂಡನೇ ಒಪ್ಪಿದ್ದಾನೆ. ಹಾಗಾದರೆ ಈ ಮಗು ಯಾರದು? ಸುಳ್ಳು ಹೇಳುವವರು ಸ್ವಲ್ಪ ಮುಂದೆ ನೋಡಿ ಹೇಳಬಾರದೇ ಎಂದು ಅತ್ತೆಯ ಮೇಲೆ ಎಗರಾಡಿದೆ. ಅವರು ಎದುರಾಡಲಿಲ್ಲ. ನನ್ನ ಕೆನ್ನೆ ಸವರಿ ನೆಟಿಕೆ ಮುರಿದು ದೃಷ್ಟಿ ತೆಗೆದರು. ಅವರ ಕಣ್ಣು ತುಂಬಿ ಹರಿಯುತ್ತಿತ್ತು, ಆದರೂ ಮುಖದಲ್ಲಿ ನಗು. "ಮೊದ್ಲು ಹೊಟ್ಟೆ ತುಂಬ ಉಣ್ಣು. ಊರಿನ ಮಾತು ನಂಗೆ ಬುಡು."

ಬಸ್ಸಿನವರ ಕೈಯಲ್ಲಿ ಕೊರಟಗೆರೆಗೆ ಹೇಳಿಕಳಿಸಿದರು. ಸೋದರತ್ತೆ ಬಂದರು. ಮಂಗನಬಾವಿನ ಮಾತಾಡಿದ ದಿನ ಅಲ್ಲಿದ್ದ ಹೆಂಗಸರನ್ನೆಲ್ಲ ಅತ್ತೆ ಹೆಸರು ಹಿಡಿದು ಕರೆಸಿದರು. ಹುಣಸೆರಾಶಿ ಇತ್ತು, ಆದರೆ ಯಾರಿಗೂ ಸುತ್ತಿಗೆ ಕೊಡಲಿಲ್ಲ. ನನ್ನನ್ನು ನಡುವೆ ಮಣೆಯ ಮೇಲೆ ಕೂರಿಸಿ ಕೈಗೆ ಹಸಿರು ಬಳೆ ತೊಡಿಸಿದರು. ಸುತ್ತ ಕಣ್ಣು ಕಣ್ಣು ಸೇರಿದವು. ನಾನು ನೆಲ ನೋಡುತ್ತಿದ್ದೆ.

"ಅವತ್ತು ನಿಮ್ಮೆಲ್ರ ಮುಂದೆ ಒಂದು ಮಾತಂದಿದ್ದೆ. ಅದು ಸುಳ್ಳು" ಎಂದರು ಅತ್ತೆ. "ನನ್ನ ಮಗಂಗೆ ಯಾವ ಬಾವೂ ಬಂದಿರ್ಲಿಲ್ಲ. ಸವತಿ ಬರ್ತಾಳಲ್ಲ ಅಂತ ಈ ಹುಡ್ಗಿ ಮಕ ನೋಡಕ್ಕಾಗ್ದೆ ಹಂಗಂದ್ಬುಟ್ಟೆ. ನಾನಂದೆ ಅಂತ ಅವನೂ ಹೂಂ ಅಂದ."

ಸೋದರತ್ತೆ ಬಿಡುವವರೇ? "ಅವತ್ತು ಸುಳ್ಳಾಡ್ದೋಳು ಇವತ್ತು ದಿಟ ಆಡ್ತೀಯ ಅಂತ ಹೆಂಗೆ ನಂಬಾದು? ಸೊಸೇನ ಅವತ್ತೂ ಮುಚ್ಕಂಡೆ, ಇವತ್ತೂ ಮುಚ್ಕಂತಿದೀಯ."

ಅದು ಸರಿಯಾದ ಪ್ರಶ್ನೆ. ಯಜಮಾನರು ಬಾಗಿಲ ಬಳಿ ಬಿಳಿಚಿಕೊಂಡು ನಿಂತಿದ್ದರು. ಅವರು ಬಾಯಿ ತೆರೆದರೂ ಪ್ರಯೋಜನವಿರಲಿಲ್ಲ, ಒಮ್ಮೆ ಸುಳ್ಳುಸಾಕ್ಷಿಯಾದವರಲ್ಲವೇ. ನನ್ನ ಮಾನ, ಹೊಟ್ಟೆಯಲ್ಲಿದ್ದ ಮಗುವಿನ ಹೆಸರು, ಎಲ್ಲ ಆ ಮುದುಕಿಯ ಮುಂದಿನ ಮಾತಿನ ಮೇಲೆ ನಿಂತಿತ್ತು.

ಅತ್ತೆ ಎದ್ದು ನಿಂತರು. "ಹೇಳೋದ್ರಿಂದ ಹೇಳ್ದೋರಿಗೇನು ಸಿಕ್ತು ಅಂತ ನೋಡ್ಬೇಕಂತೆ, ನನ್ನ ಮಗ ಯಾವಾಗ್ಲೂ ಅಂತಾನೆ. ಅವತ್ತು ಸುಳ್ಳು ಹೇಳಿದ್ದಕ್ಕೆ ನಂಗೆ ನನ್ನ ಸೊಸೆ ಉಳ್ಕಂಡ್ಲು. ಇವತ್ತೇನು ಸಿಕ್ತದೆ ನೋಡ್ರವ್ವ. ಈ ವಯಸ್ನಲ್ಲಿ ಬೀದಿಯೋರ ಮುಂದೆ ನಿಂತ್ಕಂಡು, ನಾನು ಸುಳ್ಳಿ ಅಂತ ನನ್ನ ಬಾಯಲ್ಲೇ ಹೇಳ್ಕಂತಿದೀನಿ. ನಾಳೆಯಿಂದ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರಲ್ಲ. ಸೊಸೆ ಕೆಟ್ಟೋಳಾಗಿದ್ರೆ ಇವ್ಳನ್ನ ತವ್ರಿಗೆ ಕಳಿಸಿ ನನ್ನ ಮರ್ವಾದಿ ಉಳಿಸ್ಕಂತಿದ್ದೆ. ಇರಾದನ್ನೆಲ್ಲ ಕಳ್ಕಳಕ್ಕೆ ಯಾರಾದ್ರೂ ಸುಳ್ಳು ಹೇಳ್ತಾರೇನ್ರೇ?"

ಆಮೇಲೆ ಎದುರುಮನೆಯಾಕೆ, ಹತ್ತು ಮನೆಯ ಸುದ್ದಿ ಹೊರುವ ಆಕೆಯೇ, ಎದ್ದು ಬಂದು ನನ್ನ ಹಣೆಗೆ ಕುಂಕುಮವಿಟ್ಟಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರು ಬಂದರು. ಸೋದರತ್ತೆ ಕೊನೆಗೆ ಬಂದರು. ಕೆನ್ನೆಗೆ ಅರಿಸಿನ ಹಚ್ಚುವಾಗ ಅವರ ಕೈ ಒರಟಾಗಿಯೇ ಇತ್ತು, ಆದರೆ ಹಚ್ಚಿದರು. "ಮಗ ನಮ್ಮ ತಮ್ಮನ ಹಂಗೇ ಇರ್ಬೇಕು ನೋಡು" ಎಂದು ಗದರಿದರು. ಯಾರಿಗೆ ಗದರಿದರೋ ಗೊತ್ತಾಗಲಿಲ್ಲ.

ನನಗೆ ಮಗಳು ಹುಟ್ಟಿದಳು. ಮೂಗು ಥೇಟು ಅಪ್ಪನದೇ. ಇನ್ನು ಯಾರೂ ಏನೂ ಅನ್ನುವಂತಿರಲಿಲ್ಲ.

ಆದರೆ ಅತ್ತೆ ಅಂದದ್ದೂ ಸುಳ್ಳಾಗಲಿಲ್ಲ. ಜಗಲಿಯ ನ್ಯಾಯಸ್ಥಾನ ನಿಧಾನವಾಗಿ ಖಾಲಿಯಾಯಿತು. ಯಾರೂ ಅವಮಾನ ಮಾಡಲಿಲ್ಲ. ಹಾದುಹೋಗುವಾಗ ಮಾತನಾಡಿಸುತ್ತಿದ್ದರು, ಜಗಳ ಮಾತ್ರ ಬೇರೆಯವರ ಬಳಿಗೆ ಒಯ್ಯುತ್ತಿದ್ದರು. ಮಗಳು ಅಂಬೆಗಾಲಿಡುವ ಹೊತ್ತಿಗೆ ಬೀದಿಯಲ್ಲಿ ಎರಡು ಮನೆಯವರ ನಡುವೆ ಒಂದು ಹಿತ್ತಾಳೆ ಕೊಳಗದ ತಕರಾರು ಬಂತು. ಅದು ಯಾರದೆಂದು ಕಣ್ಣಾರೆ ಬಲ್ಲವರು ನಮ್ಮ ಅತ್ತೆಯೊಬ್ಬರೇ. ಅದಕ್ಕೇ ಅವರಲ್ಲಿಗೆ ಬರಲೇಬೇಕಾಯಿತು. ಬಂದವರು ಜೊತೆಯಲ್ಲಿ ಹಚ್ಚಿದ ಒಂದು ಹಣತೆಯನ್ನೂ ತಂದಿದ್ದರು. ನಮ್ಮ ಕಡೆ ಮಾತು ನಂಬಲಾಗದವರಿಂದ ದೀಪ ಮುಟ್ಟಿಸಿ ಹೇಳಿಸುತ್ತಾರೆ.

"ಬೇಜಾರು ಮಾಡ್ಕಬ್ಯಾಡ ಮೇಷ್ಟ್ರವ್ವ. ದೀಪ ಮುಟ್ಟಿ ಹೇಳ್ಬುಡು" ಎಂದಳು ಅವರಲ್ಲೊಬ್ಬಳು, ಮೆತ್ತಗೆ.

ನನಗೆ ಮೈಯೆಲ್ಲ ಉರಿಯಿತು. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಜಗಲಿಗೆ ನುಗ್ಗಿದೆ. "ಮುಟ್ಟಬ್ಯಾಡಿ ಅತ್ತೆಮ್ಮ! ನಿಮ್ಮ ಹತ್ರ ದೀಪ ತರ್ತಾರಾ ಇವ್ರು? ಕೊಳಗ ಹಾಳಾಗಿ ಹೋಗ್ಲಿ!"

ಅತ್ತೆ ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ನೋವನ್ನು ಹುಡುಕಿದೆ. ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ, ಇತ್ತು. ಆದರೆ ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ಸೊಂಟದಿಂದ ಬಾಗಿ ಉರಿಯುವ ದೀಪದ ಕಡೆ ಎರಡೂ ಕೈ ಚಾಚುತ್ತಿದ್ದ ಮಗುವನ್ನು.

"ಮಗೀನ ಆಚೀಗೆ ಕರ್ಕೊಂಡೋಗು ಕಣಮ್ಮ, ಕೈ ಸುಟ್ಕಂತದೆ" ಎಂದರು. ಆಮೇಲೆ ಬಲಗೈಯನ್ನು ಸೆರಗಿಗೆ ಒರೆಸಿಕೊಂಡು ದೀಪ ಮುಟ್ಟಿದರು.